ಅಲ್ಲಿ ಓಡುವ ಫಾರ್ಮ್ ಇಲ್ಲಿ ಓಡದಿದ್ದರೆ: ಸರ್ವರ್ ಬದಲಾದಾಗ ಕೈಕೊಡುವ ಸ್ಕ್ರಿಪ್ಟ್‌ಗಳ ಜಾಡು ಹಿಡಿಯುವುದು ಹೇಗೆ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಫಾರ್ಮ್ ನೆಟ್ಟಗೆ ಕೆಲಸ ಮಾಡುತ್ತಿತ್ತು. ಅದೇ ಫೈಲುಗಳನ್ನು ಹೋಸ್ಟಿಂಗ್‌ಗೆ ಏರಿಸಿದಿರಿ. ಈಗ ಸಬ್ಮಿಟ್ ಒತ್ತಿದರೆ ಖಾಲಿ ಫಾರ್ಮ್ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಇಲ್ಲವೇ ಬಿಳಿ ಪುಟ. ಇಲ್ಲವೇ "ಧನ್ಯವಾದಗಳು, ನಿಮ್ಮ ಸಂದೇಶ ತಲುಪಿದೆ" ಎಂದು ಬರುತ್ತದೆ, ಮೇಲ್ ಮಾತ್ರ ಯಾರಿಗೂ ತಲುಪಿರುವುದಿಲ್ಲ. ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸೈಟ್ ಸಾಗಿಸಿದವರ ಗೋಳೂ ಇದೇ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಕೋಡ್‌ಗೆ. ಅದು ಬೇಡ. ಒಂದು ಕಡೆ ಓಡುತ್ತಿರುವ ಕೋಡ್ ಇನ್ನೊಂದು ಕಡೆ ಓಡುತ್ತಿಲ್ಲ ಎಂದರೆ ಮೊದಲು ಹುಡುಕಬೇಕಾದ್ದು ಎರಡು ಪರಿಸರಗಳ ನಡುವಿನ ವ್ಯತ್ಯಾಸವನ್ನು. ಬ್ರೌಸರಿನಿಂದ ಹೊರಟ ಡೇಟಾ ಎಷ್ಟು ದೂರ ಬಂತು, ಎಲ್ಲಿ ಕಳೆದುಹೋಯಿತು ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಕೆಳಗಿನ ಹಂತಗಳು ಡೇಟಾ ಸಾಗುವ ದಾರಿಯ ಕ್ರಮದಲ್ಲೇ ಇವೆ. ಉದಾಹರಣೆಗಳು ಬಹುಪಾಲು ಪಿಎಚ್‌ಪಿ ಎಂಬ, ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆಯವು, ಏಕೆಂದರೆ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇಂದಿಗೂ ಹೆಚ್ಚು ಸಿಗುವುದು ಅದೇ. ಸೆಟ್ಟಿಂಗ್‌ಗಳ ಹೆಸರನ್ನು ಓದುವ ಹಾಗೆ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಂಡು ಇರುತ್ತವೆ.

ಹಂತ 1: ಲಾಗ್ ಎಲ್ಲಿದೆ ಎಂದು ತಿಳಿದುಕೊಳ್ಳಿ

ಲಾಗ್, ಅಂದರೆ ಸರ್ವರ್ ತಪ್ಪುಗಳನ್ನು ಬರೆದಿಡುವ ಫೈಲ್, ನೋಡದೆ ಊಹೆ ಮಾಡುತ್ತಾ ಕೂತರೆ ಇಡೀ ದಿನ ಹೋಗುತ್ತದೆ. ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಎರರ್ ಲಾಗ್" ಎಂಬ ಜಾಗ ಇದ್ದೇ ಇರುತ್ತದೆ. ಸ್ವಂತ ಸರ್ವರ್ ಆಗಿದ್ದರೆ ವೆಬ್ ಸರ್ವರ್‌ನ ಲಾಗ್ ಒಂದು, ಪಿಎಚ್‌ಪಿಯದು ಇನ್ನೊಂದು, ಎರಡನ್ನೂ ನೋಡಬೇಕು. ತಪ್ಪುಗಳನ್ನು ಪರದೆಯ ಮೇಲೆ ತೋರಿಸುವ ಡಿಸ್‌ಪ್ಲೇ ಎರರ್ಸ್ ಸೆಟ್ಟಿಂಗ್ ಒಂದು ಸರ್ವರ್‌ನಲ್ಲಿ ಆನ್ ಆಗಿದ್ದು ಇನ್ನೊಂದರಲ್ಲಿ ಆಫ್ ಆಗಿದ್ದರೆ ಒಂದೇ ತಪ್ಪು ಒಂದು ಕಡೆ ಸ್ಪಷ್ಟ ಸಂದೇಶವಾಗಿಯೂ ಮತ್ತೊಂದು ಕಡೆ ಬಿಳಿ ಪುಟವಾಗಿಯೂ ಕಾಣುತ್ತದೆ. ಹಾಗಾಗಿ ಪರೀಕ್ಷೆಯ ಅವಧಿಗೆ ಲಾಗ್ ಎರರ್ಸ್ ಆನ್ ಮಾಡಿ, ಎರರ್ ರಿಪೋರ್ಟಿಂಗ್ ಮಟ್ಟವನ್ನು "ಈ ಆಲ್" (E_ALL, ಎಲ್ಲ ಬಗೆಯ ತಪ್ಪುಗಳೂ) ಎಂದು ಎರಡೂ ಕಡೆ ಒಂದೇ ಇಡಿ.

ಹಂತ 2: ರಿಕ್ವೆಸ್ಟ್ ಸ್ಕ್ರಿಪ್ಟ್‌ವರೆಗೆ ತಲುಪಿತೇ?

ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆಯಿರಿ. "ಪ್ರಿಸರ್ವ್ ಲಾಗ್" ಗುರುತು ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ ಪುಟ ಬದಲಾದ ಕೂಡಲೇ ಮೊದಲ ಸಾಲು ಅಳಿಸಿಹೋಗುತ್ತದೆ, ನಮಗೆ ಬೇಕಾದದ್ದು ಅದೇ ಸಾಲು. ಈಗ ಫಾರ್ಮ್ ಸಬ್ಮಿಟ್ ಮಾಡಿ. ಮೊದಲ ರಿಕ್ವೆಸ್ಟ್‌ನ ಮೆಥಡ್ (ಪುಟ ಕೇಳುವ ಗೆಟ್ ಅಥವಾ ಡೇಟಾ ಕಳಿಸುವ ಪೋಸ್ಟ್) ಏನು, ಸರ್ವರ್ ಉತ್ತರವಾಗಿ ಕೊಟ್ಟ ಸ್ಟೇಟಸ್ ಸಂಖ್ಯೆ ಏನು ಎಂದು ನೋಡಿ.

ಸ್ಟೇಟಸ್ 301 ಅಥವಾ 302 (ಬೇರೆ ವಿಳಾಸಕ್ಕೆ ಹೋಗು ಎನ್ನುವ ರೀಡೈರೆಕ್ಟ್) ಆಗಿದ್ದು, ಅದರ ಕೆಳಗಿನ ಸಾಲಿನಲ್ಲಿ ಗೆಟ್ ಎಂದು ಇದ್ದರೆ ನಿಮ್ಮ ಕಳ್ಳ ಸಿಕ್ಕಿದ. ಪೋಸ್ಟ್ ರಿಕ್ವೆಸ್ಟ್‌ಗೆ ಸರ್ವರ್ 301 ಅಥವಾ 302 ಕೊಟ್ಟರೆ ಬ್ರೌಸರ್ ಹೊಸ ವಿಳಾಸಕ್ಕೆ ಗೆಟ್ ಆಗಿ ಹೋಗುತ್ತದೆ, ಫಾರ್ಮ್‌ನ ಡೇಟಾ ದಾರಿಯಲ್ಲೇ ಬಿದ್ದುಹೋಗುತ್ತದೆ. ಸ್ಕ್ರಿಪ್ಟ್ ದೃಷ್ಟಿಯಲ್ಲಿ ಯಾರೋ ಪುಟವನ್ನು ಸುಮ್ಮನೆ ತೆರೆದಂತೆ, ಆದ್ದರಿಂದ ಖಾಲಿ ಫಾರ್ಮ್ ತೋರಿಸುತ್ತದೆ. ಲೋಕಲ್‌ನಲ್ಲಿ ಇದು ಆಗುವುದಿಲ್ಲ, ಏಕೆಂದರೆ ಅಲ್ಲಿ ರೀಡೈರೆಕ್ಟ್ ಇರುವುದಿಲ್ಲ. ಲೈವ್ ಸರ್ವರ್‌ನಲ್ಲಿ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ, ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದ ವಿಳಾಸದಿಂದ ಇರುವ ವಿಳಾಸಕ್ಕೆ, ಕೊನೆಯ ಸ್ಲ್ಯಾಶ್ ಇಲ್ಲದ ಫೋಲ್ಡರ್‌ನಿಂದ ಇರುವುದಕ್ಕೆ ತಳ್ಳುವ ನಿಯಮಗಳು ಇರುತ್ತವೆ. ಫಾರ್ಮ್‌ನ ಆ್ಯಕ್ಷನ್‌ನಲ್ಲಿ (ಡೇಟಾ ಎಲ್ಲಿಗೆ ಹೋಗಬೇಕೆಂದು ಹೇಳುವ ಜಾಗ) ಅಂತಿಮ ವಿಳಾಸವನ್ನೇ ಬರೆಯುವುದು ಸರಿಯಾದ ಪರಿಹಾರ. 307 ಮತ್ತು 308 ಎಂಬ ರೀಡೈರೆಕ್ಟ್‌ಗಳು ಮೆಥಡ್ ಬದಲಿಸದೆ ಡೇಟಾವನ್ನು ಜೊತೆಗೇ ಒಯ್ಯುತ್ತವೆ ನಿಜ, ಆದರೆ ಮೊದಲ ನೆಗೆತ ಎಚ್‌ಟಿಟಿಪಿಯಲ್ಲೇ ಆದರೆ ಆ ಡೇಟಾ ಬಯಲಲ್ಲೇ ಹೋಗಿರುತ್ತದೆ.

403 (ಪ್ರವೇಶವಿಲ್ಲ) ಬಂದರೆ, ಅದೂ ಕೆಲವು ಪಠ್ಯಕ್ಕೆ ಮಾತ್ರ ಬಂದರೆ, ಮಾಡ್‌ಸೆಕ್ಯುರಿಟಿಯಂಥ ಫೈರ್‌ವಾಲ್ ಮೇಲೆ ಅನುಮಾನಪಡಿ. ಸಂದೇಶದ ಪೆಟ್ಟಿಗೆಯಲ್ಲಿ ಎಸ್‌ಕ್ಯುಎಲ್ (ಡೇಟಾಬೇಸ್‌ನ ಭಾಷೆ) ಸಾಲಿನಂತೆ ಕಾಣುವ ವಾಕ್ಯ ಅಥವಾ ಎಚ್‌ಟಿಎಂಎಲ್ ಟ್ಯಾಗ್ ಇದ್ದರೆ ಅದು ತಡೆಯುತ್ತದೆ. "ನಮಸ್ಕಾರ" ಎಂದಷ್ಟೇ ಬರೆದು ಕಳಿಸಿ ನೋಡಿ; ಅದು ಹೋಗಿ ಉದ್ದದ್ದು ಹೋಗದಿದ್ದರೆ ವಿಷಯ ಸ್ಪಷ್ಟ. ಇಂಥಲ್ಲಿ ಇಡೀ ಫೈರ್‌ವಾಲನ್ನೇ ಆಫ್ ಮಾಡಿಸಬೇಡಿ. ಲಾಗ್‌ನಲ್ಲಿ ಯಾವ ನಿಯಮ ತಡೆಯಿತೋ ಅದರ ಸಂಖ್ಯೆ ಇರುತ್ತದೆ, ಆ ಒಂದಕ್ಕೆ ಮಾತ್ರ ಆ ಒಂದು ಪುಟದಲ್ಲಿ ವಿನಾಯಿತಿ ಕೇಳಿ.

413 ಎಂದರೆ ಕಳಿಸಿದ್ದು ತೀರಾ ದೊಡ್ಡದಾಯಿತು ಎಂದರ್ಥ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ ಡೀಫಾಲ್ಟ್ ಆಗಿ ಕೇವಲ 1 ಎಂಬಿ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಸಾಕು, ಇದನ್ನು ದಾಟಲು. ಇನ್ನೊಂದು ವೆಬ್ ಸರ್ವರ್ ಆದ ಅಪಾಚೆಯ ಮಿತಿ ಇದಕ್ಕಿಂತ ಬಹಳ ದೊಡ್ಡದು. ಮೈಕ್ರೋಸಾಫ್ಟ್‌ನ ಐಐಎಸ್‌ನಲ್ಲಿ ಮಿತಿ 3 ಕೋಟಿ ಬೈಟ್, ಅಂದರೆ ಸುಮಾರು 28.6 ಎಂಬಿ, ಅದು ದಾಟಿದರೆ ಐಐಎಸ್ 404.13 ಎಂದು ದಾಖಲಿಸುತ್ತದೆ. ಪುಟ ಕಣ್ಣೆದುರೇ ಇದ್ದರೂ "ಸಿಗಲಿಲ್ಲ" ಎಂಬ ಸಂದೇಶ ಬರುವುದು ಎಂಥವರನ್ನೂ ದಾರಿ ತಪ್ಪಿಸುತ್ತದೆ.

ಹಂತ 3: ಸಣ್ಣದೊಂದು ಪರೀಕ್ಷಾ ಸ್ಕ್ರಿಪ್ಟ್ ಇಟ್ಟು ನೋಡಿ

ಸ್ಟೇಟಸ್ 200 (ಎಲ್ಲ ಸರಿ) ಬಂದಿದೆ, ಆದರೂ ಕೆಲಸ ಆಗಿಲ್ಲ. ಈಗ ನಿಮ್ಮ ಸ್ಕ್ರಿಪ್ಟನ್ನು ಬದಿಗಿಟ್ಟು, ನಾಲ್ಕೈದು ಸಾಲಿನ ಹೊಸ ಫೈಲ್ ಬರೆಯಿರಿ. ಅದು ಐದು ಸಂಗತಿಗಳನ್ನು ಮುದ್ರಿಸಿದರೆ ಸಾಕು: ರಿಕ್ವೆಸ್ಟ್ ಮೆಥಡ್, ಕಂಟೆಂಟ್ ಟೈಪ್, ಕಂಟೆಂಟ್ ಲೆಂಗ್ತ್, ಪೋಸ್ಟ್ ಅರೇಯಲ್ಲಿ (ಬಂದ ಫೀಲ್ಡ್‌ಗಳನ್ನು ಪಿಎಚ್‌ಪಿ ತುಂಬಿಡುವ ಪಟ್ಟಿ) ಎಷ್ಟು ಅಂಶಗಳಿವೆ ಎಂಬ ಲೆಕ್ಕ, ಪಿಎಚ್‌ಪಿ ಆವೃತ್ತಿ. ಹೆಸರನ್ನು ಯಾರೂ ಊಹಿಸಲಾಗದಂತೆ ಇಟ್ಟು ಎರಡೂ ಸರ್ವರ್‌ಗೆ ಏರಿಸಿ, ನಿಮ್ಮ ಫಾರ್ಮ್‌ನ ಆ್ಯಕ್ಷನ್ ಅಲ್ಲಿಗೆ ತಿರುಗಿಸಿ.

ಮೆಥಡ್ ಪೋಸ್ಟ್ ಇದೆ, ಲೆಂಗ್ತ್ ಸೊನ್ನೆಗಿಂತ ಹೆಚ್ಚಿದೆ, ಆದರೆ ಪೋಸ್ಟ್ ಅರೇ ಖಾಲಿ. ಇದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಕಂಟೆಂಟ್ ಟೈಪ್ ಜೇಸನ್ (ಡೇಟಾ ಸಾಗಿಸುವ ಒಂದು ಪಠ್ಯ ರೂಪ) ಆಗಿರುವುದು. ಜಾವಾಸ್ಕ್ರಿಪ್ಟ್‌ನ ಫೆಚ್ ಮೂಲಕ ಜೇಸನ್ ಕಳಿಸಿದರೆ ಪಿಎಚ್‌ಪಿ ಅದನ್ನು ಪೋಸ್ಟ್ ಅರೇಗೆ ತುಂಬುವುದಿಲ್ಲ, ಇನ್‌ಪುಟ್ ಸ್ಟ್ರೀಮ್‌ನಿಂದ ನೀವೇ ಓದಬೇಕು. ಎರಡನೆಯದು, ಪೋಸ್ಟ್ ಮ್ಯಾಕ್ಸ್ ಸೈಜ್ ದಾಟಿರುವುದು. ಇದರ ಡೀಫಾಲ್ಟ್ 8 ಎಂಬಿ. ದಾಟಿದಾಗ ಪಿಎಚ್‌ಪಿ ಸ್ಕ್ರಿಪ್ಟನ್ನು ನಿಲ್ಲಿಸುವುದಿಲ್ಲ. ಪೋಸ್ಟ್ ಅರೇ, ಫೈಲ್ಸ್ ಅರೇ ಎರಡನ್ನೂ ಬರಿದು ಮಾಡಿ ಸ್ಕ್ರಿಪ್ಟನ್ನು ಎಂದಿನಂತೆ ಓಡಿಸುತ್ತದೆ. ಲಾಗ್‌ನಲ್ಲಿ ಮಾತ್ರ ಒಂದು ಎಚ್ಚರಿಕೆ ಬಿದ್ದಿರುತ್ತದೆ. ಒಂದೊಂದು ಫೈಲಿಗೆ ಅನ್ವಯಿಸುವ ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್‌ನ ಡೀಫಾಲ್ಟ್ ಇನ್ನೂ ಚಿಕ್ಕದು, 2 ಎಂಬಿ. ಅದನ್ನು ದಾಟಿದರೆ ಉಳಿದ ಡೇಟಾ ಬರುತ್ತದೆ, ಆ ಫೈಲಿನ ಎರರ್ ಸಂಖ್ಯೆ 1 ಎಂದಿರುತ್ತದೆ.

ಪೋಸ್ಟ್ ಅರೇ ಖಾಲಿ ಇಲ್ಲ, ಆದರೆ ಬಾಲ ಕತ್ತರಿಸಿದೆ. ಇದು ಸ್ವಲ್ಪ ಹೆಚ್ಚು ಗಮನ ಬೇಡುವ ಸಂಗತಿ. 2012ರ ಜನವರಿಯಲ್ಲಿ ಬಂದ ಪಿಎಚ್‌ಪಿ 5.3.9ರಲ್ಲಿ ಮ್ಯಾಕ್ಸ್ ಇನ್‌ಪುಟ್ ವಾರ್ಸ್ ಎಂಬ ಮಿತಿ ಸೇರಿತು. ಬೇಕೆಂದೇ ಹ್ಯಾಶ್ ಡಿಕ್ಕಿ ಹೊಡೆಸುವ (ಪಿಎಚ್‌ಪಿಯ ಒಳಪಟ್ಟಿಯಲ್ಲಿ ಒಂದೇ ಜಾಗಕ್ಕೆ ಬೀಳುವ) ಸಾವಿರಾರು ಫೀಲ್ಡ್‌ಗಳನ್ನು ಕಳಿಸಿ ಸರ್ವರನ್ನು ಹೈರಾಣ ಮಾಡುವ ದಾಳಿಗೆ ಅದು ಉತ್ತರವಾಗಿತ್ತು. ಡೀಫಾಲ್ಟ್ 1000. ಈಗ ದಾಸ್ತಾನಿನ ಪಟ್ಟಿ ತಿದ್ದುವ ಒಂದು ಫಾರ್ಮ್ ಕಲ್ಪಿಸಿಕೊಳ್ಳಿ: 60 ಸಾಲು, ಸಾಲಿಗೆ 18 ಫೀಲ್ಡ್, ಒಟ್ಟು 1080. ಮೊದಲ 55 ಸಾಲು ಪೂರ್ತಿ ಬರುತ್ತವೆ, 56ನೆಯದು ಅರ್ಧಂಬರ್ಧ ಬರುತ್ತದೆ, ಉಳಿದವು ಇಲ್ಲ. ಸಬ್ಮಿಟ್ ಬಟನ್‌ನ ಹೆಸರು, ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮದೇ ಸೈಟಿನಿಂದ ಬಂತೆಂದು ಖಚಿತಪಡಿಸುವ ಗುಟ್ಟಿನ ಗುರುತು) ಇವು ಫಾರ್ಮ್‌ನ ಕೊನೆಯಲ್ಲಿದ್ದರೆ ಅವೂ ಮಾಯ. ಆಗ ಬರುವ ಸಂದೇಶ "ಟೋಕನ್ ಅಮಾನ್ಯ". ನೀವು ಆ ಟೋಕನ್ ನೆನಪಿಟ್ಟುಕೊಳ್ಳುವ ಸೆಷನ್‌ನ (ಬಳಕೆದಾರರ ಬಗ್ಗೆ ಸರ್ವರ್ ಇಡುವ ದಾಖಲೆ) ಬೆನ್ನು ಹತ್ತಿ ಹೋಗುತ್ತೀರಿ, ಅಲ್ಲಿ ಏನೂ ಸಿಗುವುದಿಲ್ಲ. ಹಳೆಯ ಸರ್ವರ್‌ನಲ್ಲಿ ಯಾರೋ ಆ ಮಿತಿಯನ್ನು 5000ಕ್ಕೆ ಏರಿಸಿ ಮರೆತಿರುತ್ತಾರೆ, ಹೊಸದರಲ್ಲಿ ಅದು 1000ದಲ್ಲೇ ಇರುತ್ತದೆ. ಟೋಕನ್ನನ್ನು ಫಾರ್ಮ್‌ನ ತಲೆಯಲ್ಲೇ ಇಡುವ ಅಭ್ಯಾಸ ಇದ್ದರೆ ಈ ಗೊಂದಲವಾದರೂ ತಪ್ಪುತ್ತದೆ.

ಹಂತ 4: ಎರಡು ಸರ್ವರ್‌ಗಳ ಸೆಟ್ಟಿಂಗ್ ಪಕ್ಕಪಕ್ಕ ಇಡಿ

ಸೆಟ್ಟಿಂಗ್‌ಗಳನ್ನೆಲ್ಲ ಪಟ್ಟಿ ಮಾಡುವ ಪಿಎಚ್‌ಪಿಇನ್ಫೋ ಎಂಬ ಫಂಕ್ಷನ್‌ನ ಫಲಿತಾಂಶವನ್ನು ಎರಡೂ ಕಡೆಯಿಂದ ಪಠ್ಯವಾಗಿ ಉಳಿಸಿಕೊಂಡು, ವ್ಯತ್ಯಾಸ ತೋರಿಸುವ ಡಿಫ್ ಉಪಕರಣಕ್ಕೆ ಕೊಡಿ. ಕಣ್ಣಲ್ಲೇ ಹೋಲಿಸಲು ಹೋಗಬೇಡಿ, ಸಾಲುಗಳು ನೂರಾರು ಇರುತ್ತವೆ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ: ಎಸ್‌ಎಸ್‌ಎಚ್‌ನಲ್ಲಿ (ದೂರದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ) ಒಳಹೊಕ್ಕು ಕಮಾಂಡ್ ಲೈನ್‌ನಲ್ಲಿ ಪಿಎಚ್‌ಪಿ ಆವೃತ್ತಿ ಕೇಳುತ್ತಾರೆ, ಬಂದ ಉತ್ತರವನ್ನೇ ನಂಬುತ್ತಾರೆ. ಕಮಾಂಡ್ ಲೈನ್‌ನ ಪಿಎಚ್‌ಪಿ ಬೇರೆ, ವೆಬ್ ಸರ್ವರ್ ಬಳಸುವ ಪಿಎಚ್‌ಪಿ ಬೇರೆ ಇರಬಹುದು; ಎರಡಕ್ಕೂ ಪ್ರತ್ಯೇಕ ಪಿಎಚ್‌ಪಿ ಡಾಟ್ ಐಎನ್‌ಐ ಎಂಬ ಸೆಟ್ಟಿಂಗ್ ಫೈಲ್ ಇರುವುದಂತೂ ಮಾಮೂಲು. ಬ್ರೌಸರಿನ ಮೂಲಕ ತೆರೆದಾಗ "ಲೋಡೆಡ್ ಕಾನ್ಫಿಗರೇಶನ್ ಫೈಲ್" ಎಂಬ ಸಾಲಿನಲ್ಲಿ ಕಾಣುವ ಹಾದಿಯೇ ನಿಜವಾದದ್ದು.

ಬದಲಿಸುವುದು ಎಲ್ಲಿ? ಹಂತ 3ರಲ್ಲಿ ಹೇಳಿದ ಪಿಎಚ್‌ಪಿಯ ಮೂರು ಮಿತಿಗಳನ್ನು ಸ್ಕ್ರಿಪ್ಟ್‌ನೊಳಗೆ ಐಎನ್‌ಐ ಸೆಟ್ ಎಂಬ ಫಂಕ್ಷನ್ ಬರೆದು ಏರಿಸಲು ಬರುವುದಿಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲು ಓಡುವ ಹೊತ್ತಿಗೆ ಡೇಟಾ ಓದಿ ಮುಗಿದಿರುತ್ತದೆ. ಅಪಾಚೆಯಲ್ಲಿ ಪಿಎಚ್‌ಪಿ ಮಾಡ್ಯೂಲ್ ಆಗಿ ಓಡುತ್ತಿದ್ದರೆ ಡಾಟ್ ಎಚ್‌ಟಿಆ್ಯಕ್ಸೆಸ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಪಿಎಚ್‌ಪಿ ವ್ಯಾಲ್ಯೂ ಸಾಲು ಹಾಕಬಹುದು. ಅದೇ ಫೈಲ್ ಎಫ್‌ಪಿಎಂ (ಪಿಎಚ್‌ಪಿಯನ್ನು ವೆಬ್ ಸರ್ವರ್‌ನ ಹೊರಗೆ ಪ್ರತ್ಯೇಕವಾಗಿ ಓಡಿಸುವ ವ್ಯವಸ್ಥೆ) ಇರುವ ಸರ್ವರ್‌ಗೆ ಹೋದರೆ ಇಡೀ ಸೈಟ್ 500 (ಸರ್ವರ್‌ನ ಒಳಗಿನ ತಪ್ಪು) ತೋರಿಸುತ್ತದೆ, ಏಕೆಂದರೆ ಅಪಾಚೆಗೆ ಆ ಸಾಲು ಏನೆಂದೇ ಗೊತ್ತಿಲ್ಲ. ಎನ್‌ಜಿನ್‌ಎಕ್ಸ್ ಆದರೆ ಡಾಟ್ ಎಚ್‌ಟಿಆ್ಯಕ್ಸೆಸ್ ಅನ್ನು ತಿರುಗಿಯೂ ನೋಡುವುದಿಲ್ಲ. ಎಫ್‌ಪಿಎಂನಲ್ಲಿ ಬಳಸಬೇಕಾದ್ದು ಡಾಟ್ ಯೂಸರ್ ಡಾಟ್ ಐಎನ್‌ಐ. ಅದನ್ನು ಬದಲಿಸಿದ ತಕ್ಷಣ ಫಲ ಕಾಣದಿದ್ದರೆ ಗಾಬರಿ ಬೇಡ: ಪಿಎಚ್‌ಪಿ ಅದನ್ನು 300 ಸೆಕೆಂಡ್ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಐದು ನಿಮಿಷ ಕಾಯುವ ತಾಳ್ಮೆ ಇಲ್ಲದೆ ಸರಿಯಾದ ಸಾಲನ್ನೇ ಅಳಿಸಿ ಬೇರೆ ದಾರಿ ಹುಡುಕುವವರು ಬಹಳ.

ಡಿಫ್‌ನಲ್ಲಿ ಎಕ್ಸ್‌ಟೆನ್ಶನ್‌ಗಳ (ಪಿಎಚ್‌ಪಿಗೆ ಸೇರಿಸುವ ಹೆಚ್ಚುವರಿ ಭಾಗಗಳು) ಪಟ್ಟಿಯನ್ನೂ ನೋಡಿ. ಎಂಬಿಸ್ಟ್ರಿಂಗ್, ಕರ್ಲ್, ಜಿಡಿ, ಇಂಟಲ್ ಇವು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ಸಾಮಾನ್ಯ. ಡಿಸೇಬಲ್ ಫಂಕ್ಷನ್ಸ್ ಎಂಬ ಸಾಲೂ ಮುಖ್ಯ. ಹೋಸ್ಟಿಂಗ್‌ನವರು ನಿಷೇಧಿಸಿದ ಫಂಕ್ಷನನ್ನು ಕರೆದರೆ ಪಿಎಚ್‌ಪಿ 7 "ಭದ್ರತೆಗಾಗಿ ನಿಷೇಧಿಸಲಾಗಿದೆ" ಎಂದು ಎಚ್ಚರಿಸಿ ಮುಂದೆ ಹೋಗುತ್ತಿತ್ತು. ಪಿಎಚ್‌ಪಿ 8 ಅಂಥ ಫಂಕ್ಷನ್ನೇ ಇಲ್ಲ ಎಂದು ಹೇಳಿ ಅಲ್ಲೇ ನಿಲ್ಲುತ್ತದೆ.

ಹಂತ 5: ಆವೃತ್ತಿಯ ಅಂತರ

ಹಳೆಯ ಸ್ಕ್ರಿಪ್ಟ್ ಆಗಿದ್ದರೆ ಅದರ ವಯಸ್ಸು ಕೋಡ್‌ನಲ್ಲೇ ತಿಳಿಯುತ್ತದೆ. ಫೀಲ್ಡ್‌ನ ಹೆಸರನ್ನು ನೇರವಾಗಿ ವೇರಿಯೇಬಲ್ ಆಗಿ ಬಳಸಿದ್ದರೆ ಅದು ರಿಜಿಸ್ಟರ್ ಗ್ಲೋಬಲ್ಸ್ ಕಾಲದ್ದು. 2002ರ ಪಿಎಚ್‌ಪಿ 4.2.0ರಲ್ಲಿ ಅದು ಡೀಫಾಲ್ಟ್ ಆಗಿ ಆಫ್ ಆಯಿತು, 2012ರ 5.4.0ರಲ್ಲಿ ಪೂರ್ತಿ ಹೋಯಿತು. ಅದೇ ಬಾರಿಗೆ, ಫಾರ್ಮ್ ಡೇಟಾದ ಉದ್ಧರಣ ಚಿಹ್ನೆಗಳ ಮುಂದೆ ತಾನಾಗಿ ಬ್ಯಾಕ್‌ಸ್ಲ್ಯಾಶ್ ಹಾಕುತ್ತಿದ್ದ ಮ್ಯಾಜಿಕ್ ಕೋಟ್ಸ್ ಕೂಡ ಹೋಯಿತು. ಮೈಎಸ್‌ಕ್ಯುಎಲ್ ಡೇಟಾಬೇಸ್ ಜೊತೆ ಮಾತಾಡಲು ಬಳಸುತ್ತಿದ್ದ, ಮೈಎಸ್‌ಕ್ಯುಎಲ್ ಅಂಡರ್‌ಸ್ಕೋರ್ ಎಂದು ಶುರುವಾಗುವ ಫಂಕ್ಷನ್‌ಗಳು 2015ರ ಪಿಎಚ್‌ಪಿ 7.0ರಲ್ಲಿ ಕಾಣೆಯಾದವು. ಇಂಥ ಕೋಡನ್ನು ತೇಪೆ ಹಾಕಿ ಓಡಿಸುವುದಕ್ಕಿಂತ ಹೊಸದಾಗಿ ಬರೆಯುವುದು ಬೇಗ ಆಗುತ್ತದೆ. ಮ್ಯಾಜಿಕ್ ಕೋಟ್ಸ್ ನಂಬಿಕೊಂಡಿದ್ದ ಸ್ಕ್ರಿಪ್ಟ್ ಈಗ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ (ಫಾರ್ಮ್ ಮೂಲಕ ಡೇಟಾಬೇಸ್ ಆಜ್ಞೆ ತೂರಿಸುವ ದಾಳಿ) ಬಾಗಿಲು ತೆರೆದು ಕೂತಿರುತ್ತದೆ ಎಂಬುದು ಬೇರೆ.

ಹೆಚ್ಚು ಕಾಡುವುದು 7ರಿಂದ 8ಕ್ಕೆ ದಾಟಿದ ಸೈಟುಗಳು. 2020ರ ನವೆಂಬರ್‌ನಲ್ಲಿ ಬಂದ 8.0ರಲ್ಲಿ ಹೋಲಿಕೆಯ ನಿಯಮ ಬದಲಾಯಿತು. ಖಾಲಿ ಬಿಟ್ಟ ಫೀಲ್ಡ್‌ನಿಂದ ಬರುವುದು ಖಾಲಿ ಸ್ಟ್ರಿಂಗ್, ಅಂದರೆ ಒಂದೂ ಅಕ್ಷರವಿಲ್ಲದ ಪಠ್ಯ. "ಪ್ರಮಾಣ ಸೊನ್ನೆಗೆ ಸಮವಾದರೆ ತಿರಸ್ಕರಿಸು" ಎಂದು ಎರಡು ಸಮಚಿಹ್ನೆ ಹಾಕಿ ಬರೆದಿದ್ದರೆ ಪಿಎಚ್‌ಪಿ 7ರಲ್ಲಿ ಖಾಲಿ ಸ್ಟ್ರಿಂಗ್ ಸೊನ್ನೆಗೆ ಸಮ, ತಿರಸ್ಕಾರವಾಗುತ್ತಿತ್ತು. 8ರಲ್ಲಿ ಸಮವಲ್ಲ, ಒಳಗೆ ಹೋಗಿಬಿಡುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಡೇಟಾಬೇಸ್‌ನಲ್ಲಿ ಮಾತ್ರ ಕಸ. ಇಂಥ ಕಡೆ ಫೀಲ್ಡ್ ಖಾಲಿಯೇ ಎಂದು ಮೊದಲು ಪರೀಕ್ಷಿಸಿ, ಆಮೇಲೆ ಸಂಖ್ಯೆಗೆ ಬದಲಿಸಿ, ಮೂರು ಸಮಚಿಹ್ನೆಯ ಹೋಲಿಕೆ ಬಳಸಿ.

ಇನ್ನೊಂದು, ಟಿಕ್ ಮಾಡದ ಚೆಕ್‌ಬಾಕ್ಸ್. ಬ್ರೌಸರ್ ಅದನ್ನು ಕಳಿಸುವುದೇ ಇಲ್ಲ. ಇಲ್ಲದ ಕೀಯನ್ನು ಓದಿದರೆ 7ರಲ್ಲಿ ಬರುತ್ತಿದ್ದುದು ನೋಟಿಸ್, 8ರಲ್ಲಿ ವಾರ್ನಿಂಗ್. ನೋಟಿಸ್ ಮಾತ್ರ ಅಡಗಿಸಿಟ್ಟಿದ್ದ ಸರ್ವರ್‌ನಲ್ಲಿ ಈಗ ಆ ಸಾಲು ಪರದೆಯ ಮೇಲೆ ಬರುತ್ತದೆ, ಅದರಿಂದ ಮುಂದಿನ ಹಂತದ ತೊಂದರೆ ಹುಟ್ಟುತ್ತದೆ.

ಹಂತ 6: ರೀಡೈರೆಕ್ಟ್, ಸೆಷನ್, ಕುಕೀ

"ಹೆಡರ್ಸ್ ಆಲ್ರೆಡಿ ಸೆಂಟ್" (ಪುಟಕ್ಕಿಂತ ಮೊದಲು ಹೋಗಬೇಕಾದ ಹೆಡರ್ ಮಾಹಿತಿ ಆಗಲೇ ಹೋಗಿಬಿಟ್ಟಿದೆ) ಎಂಬ ಸಂದೇಶ ಒಂದು ಸರ್ವರ್‌ನಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಔಟ್‌ಪುಟ್ ಬಫರಿಂಗ್ ನೋಡಿ. ಪಿಎಚ್‌ಪಿಯ ಒಳಗಿನ ಡೀಫಾಲ್ಟ್ ಸೊನ್ನೆ. ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್‌ಐ ಫೈಲುಗಳಲ್ಲಿ 4096. 4096 ಇರುವ ಕಡೆ ಮೊದಲ ನಾಲ್ಕು ಕಿಲೋಬೈಟ್‌ವರೆಗಿನ ಔಟ್‌ಪುಟ್ ತಡೆದಿಟ್ಟುಕೊಳ್ಳುವುದರಿಂದ, ನಡುವೆ ಹೆಡರ್ ಕಳಿಸಿದರೂ ನಡೆಯುತ್ತದೆ. ಸೊನ್ನೆ ಇರುವ ಕಡೆ ಒಂದೇ ಒಂದು ಸ್ಪೇಸ್ ಹೊರಬಿದ್ದರೂ ರೀಡೈರೆಕ್ಟ್ ಆಗುವುದಿಲ್ಲ, ಸೆಷನ್ ಕುಕೀ ಹೋಗುವುದಿಲ್ಲ.

ಆ ಸಂದೇಶದಲ್ಲಿ "ಔಟ್‌ಪುಟ್ ಶುರುವಾದದ್ದು ಇಂಥ ಫೈಲಿನ ಇಂಥ ಸಾಲಿನಲ್ಲಿ" ಎಂದು ಇರುತ್ತದೆ. ಅದು ಸಾಲು 1 ಎಂದು ತೋರಿಸಿ, ಆ ಸಾಲಿನಲ್ಲಿ ಪಿಎಚ್‌ಪಿ ಟ್ಯಾಗ್ ಬಿಟ್ಟರೆ ಏನೂ ಕಾಣದಿದ್ದರೆ ಅಲ್ಲಿ ಬಿಓಎಂ ಇದೆ ಎಂದೇ ತಿಳಿಯಿರಿ: ಕೆಲವು ಎಡಿಟರ್‌ಗಳು ಯುಟಿಎಫ್-8 ಫೈಲಿನ ತಲೆಗೆ ಅಂಟಿಸುವ, ಕಣ್ಣಿಗೆ ಕಾಣದ 3 ಬೈಟ್. ಎಡಿಟರ್‌ನಲ್ಲಿ "ಬಿಓಎಂ ಇಲ್ಲದ ಯುಟಿಎಫ್-8" ಆಯ್ದು ಉಳಿಸಿದರೆ ಮುಗಿಯಿತು. ಹಾಗೆಯೇ ಪಿಎಚ್‌ಪಿ ಮಾತ್ರ ಇರುವ ಫೈಲುಗಳಲ್ಲಿ ಕೊನೆಯ ಮುಚ್ಚುವ ಟ್ಯಾಗ್ ಬರೆಯದೇ ಬಿಡಿ. ಬಫರಿಂಗ್ ಆನ್ ಮಾಡಿ ಸುಮ್ಮನಾಗುವುದು ಸುಲಭ. ಮುಂದಿನ ಸರ್ವರ್ ಬದಲಾವಣೆಯಲ್ಲಿ ಅದೇ ತೊಂದರೆ ಮತ್ತೆ ಬರುತ್ತದೆ.

ಸೆಷನ್ ನಿಲ್ಲದಿದ್ದರೆ ಸೆಷನ್ ಸೇವ್ ಪಾತ್ ತೋರಿಸುವ ಫೋಲ್ಡರ್‌ಗೆ ಬರೆಯುವ ಅನುಮತಿ ಇದೆಯೇ, ಡಿಸ್ಕ್ ತುಂಬಿದೆಯೇ ನೋಡಿ. ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಮೂರು ಸರ್ವರ್ ಇದ್ದು ಸೆಷನ್ ಫೈಲಿನಲ್ಲಿ ಇದ್ದರೆ, ಫಾರ್ಮ್ ಕೊಟ್ಟದ್ದು ಒಂದು, ಸ್ವೀಕರಿಸಿದ್ದು ಮತ್ತೊಂದು ಎಂದಾಗುತ್ತದೆ. ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ ಎಂಬ ದೂರು ಬಂದರೆ ಇದನ್ನೇ ಮೊದಲು ಶಂಕಿಸಿ. ಕುಕೀಗೆ ಸೆಕ್ಯೂರ್ ಗುರುತು ಹಾಕಿದ್ದು ಪರೀಕ್ಷಾ ಸರ್ವರ್ ಬರೀ ಎಚ್‌ಟಿಟಿಪಿಯಲ್ಲಿದ್ದರೆ ಬ್ರೌಸರ್ ಆ ಕುಕೀಯನ್ನು ಇಟ್ಟುಕೊಳ್ಳುವುದಿಲ್ಲ. ಬೇರೆ ಡೊಮೇನ್‌ನಿಂದ ಪೋಸ್ಟ್ ಆಗಿ ಮರಳಿ ಬರುವ ಪುಟಗಳಿಗೆ, ಉದಾಹರಣೆಗೆ ಪಾವತಿ ಮುಗಿದ ಮೇಲಿನ ಪುಟಕ್ಕೆ, ಸೇಮ್‌ಸೈಟ್ ನಿಯಮ (ಬೇರೆ ಸೈಟಿನಿಂದ ಬಂದ ರಿಕ್ವೆಸ್ಟ್ ಜೊತೆ ಕುಕೀ ಕಳಿಸಬೇಕೇ ಎಂದು ಹೇಳುವುದು) ಅಡ್ಡ ಬರುತ್ತದೆ. 2020ರ ಫೆಬ್ರವರಿಯ ಕ್ರೋಮ್ 80ರಿಂದ ಗುರುತಿಲ್ಲದ ಕುಕೀಯನ್ನು ಲ್ಯಾಕ್ಸ್ (ಬೇರೆ ಸೈಟಿನ ಪೋಸ್ಟ್ ಜೊತೆ ಹೋಗದ್ದು) ಎಂದೇ ಪರಿಗಣಿಸಲಾಗುತ್ತಿದೆ.

ಹಂತ 7: ಕನ್ನಡ ಅಕ್ಷರ ಒಡೆದು ಬಂದರೆ

ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಈ ತೊಂದರೆ ಕಾಣುವುದೇ ಇಲ್ಲ. ಆದ್ದರಿಂದ ಪರೀಕ್ಷೆಯ ಡೇಟಾದಲ್ಲಿ ಒಂದಾದರೂ ಕನ್ನಡದ ಹೆಸರು, ಒಂದು ಎಮೋಜಿ ಇರಲೇಬೇಕು.

"ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಒತ್ತಕ್ಷರ ಜೋಡಿಸುವ ವಿರಾಮ (ಹಲಂತ) ಚಿಹ್ನೆ, ನ, ಡ ಹೀಗೆ ಐದು. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಪಿಎಚ್‌ಪಿಯ ಸಾಮಾನ್ಯ ಉದ್ದ ಎಣಿಸುವ ಫಂಕ್ಷನ್ 15 ಎನ್ನುತ್ತದೆ, ಎಂಬಿಸ್ಟ್ರಿಂಗ್‌ನದ್ದು 5 ಎನ್ನುತ್ತದೆ. ಎಂಬಿಸ್ಟ್ರಿಂಗ್ ಇಲ್ಲದ ಸರ್ವರ್‌ನಲ್ಲಿ ಹಳೆಯ ಫಂಕ್ಷನ್‌ಗೆ ಬೀಳುವಂತೆ ಸ್ಕ್ರಿಪ್ಟ್ ಬರೆದಿದ್ದರೆ, "ಗರಿಷ್ಠ 10" ಎಂಬ ಮಿತಿ ಮೂರು ಚಿಹ್ನೆ ದಾಟಿ ನಾಲ್ಕನೆಯದರ ಮೊದಲ ಬೈಟ್‌ನಲ್ಲೇ ಕತ್ತರಿ ಹಾಕುತ್ತದೆ. ಆ ಮುರುಕನ್ನು, ಪಠ್ಯವನ್ನು ಪುಟದಲ್ಲಿ ಸುರಕ್ಷಿತವಾಗಿ ತೋರಿಸಲು ಬಳಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್‌ಗೆ ಕೊಟ್ಟರೆ ಪಿಎಚ್‌ಪಿ 8.0ರವರೆಗೆ ಸಿಗುತ್ತಿದ್ದುದು ಖಾಲಿ ಸ್ಟ್ರಿಂಗ್, 8.1ರಿಂದ ಮುರಿದ ಜಾಗದಲ್ಲಿ ಬದಲಿ ಚಿಹ್ನೆಯೊಂದು ಕೂರುತ್ತದೆ, ಉಳಿದದ್ದು ಬರುತ್ತದೆ. ಒಂದು ಸರ್ವರ್‌ನಲ್ಲಿ ಹೆಸರು ಪೂರ್ತಿ ಮಾಯ, ಇನ್ನೊಂದರಲ್ಲಿ ಕೊನೆಯ ಅಕ್ಷರ ಮಾತ್ರ ಕೆಟ್ಟಿದೆ ಎಂಬ ವಿಚಿತ್ರ ದೂರಿನ ಹಿಂದೆ ಇದಿರಬಹುದು.

ಡೇಟಾಬೇಸ್ ಕಡೆಗೆ ಬಂದರೆ, ಮೈಎಸ್‌ಕ್ಯುಎಲ್ 8.0ರಲ್ಲಿ ಅಕ್ಷರ ಉಳಿಸುವ ಡೀಫಾಲ್ಟ್ ಸಂಕೇತ ಯುಟಿಎಫ್8ಎಂಬಿ4, ಅದಕ್ಕೂ ಹಿಂದೆ ಲ್ಯಾಟಿನ್1. ಮೈಎಸ್‌ಕ್ಯುಎಲ್‌ನಲ್ಲಿ ಬರೀ "ಯುಟಿಎಫ್8" ಎಂದರೆ ಅಕ್ಷರಕ್ಕೆ 3 ಬೈಟ್‌ವರೆಗೆ ಮಾತ್ರ; ಕನ್ನಡ ಹಿಡಿಸುತ್ತದೆ, 4 ಬೈಟ್‌ನ ಎಮೋಜಿ ಹಿಡಿಸುವುದಿಲ್ಲ. ಟೇಬಲ್, ಕಾಲಂ, ಕನೆಕ್ಷನ್ ಮೂರೂ ಯುಟಿಎಫ್8ಎಂಬಿ4 ಇರಲಿ. ಕನೆಕ್ಷನ್‌ನದ್ದನ್ನು ಡೀಫಾಲ್ಟ್‌ಗೆ ಬಿಡದೆ ಕೋಡ್‌ನಲ್ಲೇ ಹೇಳಿಬಿಡಿ. ಈಗಾಗಲೇ ಕೆಟ್ಟ ಡೇಟಾ ಎದುರಿಗಿದ್ದರೆ ಒಂದು ಗುರುತು ನೆನಪಿಡಿ: ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಮೂಲ ಹೋಗಿದೆ, ಮತ್ತೆ ಬರುವುದಿಲ್ಲ. ಮೇಲೆ ಗೀಟು ಚುಕ್ಕೆಗಳಿರುವ ಲ್ಯಾಟಿನ್ ಅಕ್ಷರಗಳ ಸಾಲಾಗಿದ್ದರೆ ಬೈಟ್‌ಗಳು ಇನ್ನೂ ಒಳಗಿರುವ ಸಾಧ್ಯತೆ ಹೆಚ್ಚು. ಬ್ಯಾಕಪ್ ತೆಗೆದಿಟ್ಟು ಸರಿಯಾದ ಕ್ರಮದಲ್ಲಿ ಪರಿವರ್ತಿಸಿದರೆ ಮರಳಿ ಸಿಗುತ್ತದೆ.

ತಪ್ಪು ಡೇಟಾವನ್ನು ಡೇಟಾಬೇಸ್ ತಿರಸ್ಕರಿಸುವಂತೆ ಮಾಡುವ ಸ್ಟ್ರಿಕ್ಟ್ ಮೋಡ್ ಇದೇ ಜಾಗದ ಇನ್ನೊಂದು ಕಿರಿಕಿರಿ. 2015ರ ಮೈಎಸ್‌ಕ್ಯುಎಲ್ 5.7ರಲ್ಲಿ ಡೀಫಾಲ್ಟ್ ಆಗಿ ಬಿಗಿಯಾಯಿತು. ಮೊದಲು ಸಂಖ್ಯೆಯ ಕಾಲಂಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಸೊನ್ನೆ ಬರೆದುಕೊಳ್ಳುತ್ತಿತ್ತು, ಉದ್ದ ಹೆಚ್ಚಾದರೆ ಕತ್ತರಿಸಿಕೊಳ್ಳುತ್ತಿತ್ತು; ಈಗ ಎರಡಕ್ಕೂ ಎರರ್. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯುಎಲ್‌ಐ (ಪಿಎಚ್‌ಪಿಯನ್ನು ಮೈಎಸ್‌ಕ್ಯುಎಲ್‌ಗೆ ಜೋಡಿಸುವ ಎಕ್ಸ್‌ಟೆನ್ಶನ್) ಆ ಎರರನ್ನು ಎಕ್ಸೆಪ್ಶನ್ ಆಗಿ ಎಸೆಯುವುದರಿಂದ, ಮೊದಲು ಸದ್ದಿಲ್ಲದೆ ದಾಟುತ್ತಿದ್ದ ಫಾರ್ಮ್ ಈಗ 500 ತೋರಿಸುತ್ತದೆ. ಸ್ಟ್ರಿಕ್ಟ್ ಮೋಡ್ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನ್ನ ಪ್ರಕಾರ ಅದು ತಪ್ಪು. ಅಷ್ಟು ದಿನ ತಪ್ಪು ಡೇಟಾ ಒಳಗೆ ಹೋಗುತ್ತಿತ್ತು ಎಂಬುದನ್ನೇ ಅದು ತೋರಿಸಿಕೊಟ್ಟಿದೆ.

ಹಂತ 8: ಫೈಲ್, ಹೆಸರು, ಅನುಮತಿ

ವಿಂಡೋಸ್‌ನಲ್ಲಿ ಫೈಲಿನ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ. ಲಿನಕ್ಸ್‌ನಲ್ಲಿ ಬೇರೆ ಬೇರೆ. ಮೈಎಸ್‌ಕ್ಯುಎಲ್‌ನ ಟೇಬಲ್ ಹೆಸರುಗಳಿಗೂ ಇದೇ ಗತಿ. ಎಲ್ಲವನ್ನೂ ಸಣ್ಣಕ್ಷರದಲ್ಲಿ ಇಟ್ಟರೆ ಈ ಚಿಂತೆಯೇ ಇಲ್ಲ. ಅಪ್‌ಲೋಡ್ ಫೋಲ್ಡರ್‌ಗೆ ಬರೆಯಲಾಗದಿದ್ದರೆ 777 (ಎಲ್ಲರಿಗೂ ಬರೆಯುವ ಅನುಮತಿ) ಕೊಡುವ ಚಟ ಬೇಡ. ವೆಬ್ ಸರ್ವರ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆಯೋ ಅವನಿಗೆ ಒಡೆತನ ಕೊಡಿ. ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಅನುಮತಿ ಸರಿಯಿದ್ದೂ ಬರೆಯಲಾಗದಿದ್ದರೆ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ವ್ಯವಸ್ಥೆ ನೋಡಿ.

ಪರ್ಲ್ ಭಾಷೆಯ ಹಳೆಯ ಸಿಜಿಐ ಸ್ಕ್ರಿಪ್ಟ್ (ವೆಬ್ ಸರ್ವರ್ ನೇರವಾಗಿ ಓಡಿಸುವ ಪ್ರೋಗ್ರಾಂ) ಸಾಗಿಸುತ್ತಿದ್ದರೆ ನೋಡಬೇಕಾದ್ದು ಇಷ್ಟು. ಮೊದಲ ಸಾಲಿನಲ್ಲಿರುವ ಪರ್ಲ್‌ನ ಹಾದಿ ಸರಿಯೇ? ವಿಂಡೋಸ್‌ನಲ್ಲಿ ತಿದ್ದಿದ್ದರಿಂದ ಸಾಲಿನ ಕೊನೆಗೆ ಹೆಚ್ಚುವರಿ ಕ್ಯಾರೇಜ್ ರಿಟರ್ನ್ ಸೇರಿಕೊಂಡಿದೆಯೇ? ಸೇರಿದ್ದರೆ, ಫೈಲ್ ಎದುರಿಗೇ ಇದ್ದರೂ ಅಂಥ ಫೈಲ್ ಇಲ್ಲ ಎಂದು ಲಾಗ್ ಹೇಳುತ್ತದೆ. ಅನುಮತಿ 755 ಇದೆಯೇ? ಸ್ಕ್ರಿಪ್ಟನ್ನು ಅದರ ಒಡೆಯನ ಹೆಸರಲ್ಲಿ ಓಡಿಸುವ ಸುಎಕ್ಸೆಕ್ ಇರುವ ಕಡೆ 777 ಕೊಟ್ಟರೆ ಓಡಿಸಲು ಅದು ಒಪ್ಪುವುದೇ ಇಲ್ಲ. ಸಿಜಿಐ ಮಾಡ್ಯೂಲ್ 2015ರ ಪರ್ಲ್ 5.22ರಿಂದ ಜೊತೆಗೆ ಬರುವುದಿಲ್ಲ, ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. 2017ರ 5.26ರಿಂದ ಪರ್ಲ್ ಪ್ರಸ್ತುತ ಫೋಲ್ಡರ್‌ನಲ್ಲಿ ಮಾಡ್ಯೂಲ್ ಹುಡುಕುವುದೂ ಇಲ್ಲ. ಪಕ್ಕದಲ್ಲೇ ಇಟ್ಟ ಸಂರಚನಾ ಫೈಲ್ ಸಿಗದಿರಲು ಇದೇ ಕಾರಣ.

ಹಂತ 9: ಮೇಲ್ ಹೋಗಿದೆ ಎನ್ನುತ್ತದೆ, ಬಂದಿಲ್ಲ

ಪಿಎಚ್‌ಪಿಯ ಮೇಲ್ ಫಂಕ್ಷನ್ ಟ್ರೂ ಎಂದರೆ ಪತ್ರ ತಲುಪಿತು ಎಂದಲ್ಲ, ಸರ್ವರ್‌ನಲ್ಲಿರುವ ಸೆಂಡ್‌ಮೇಲ್ ಪ್ರೋಗ್ರಾಂ ಅದನ್ನು ತೆಗೆದುಕೊಂಡಿತು ಎಂದಷ್ಟೇ. ಆಮೇಲಿನದ್ದು ಮೇಲ್ ಲಾಗ್‌ನಲ್ಲಿ ಮಾತ್ರ ತಿಳಿಯುತ್ತದೆ. ಡಾಕರ್ ಕಂಟೇನರ್‌ನಲ್ಲಿ ಸೆಂಡ್‌ಮೇಲ್ ಇಲ್ಲದೇ ಇರುವುದೇ ಹೆಚ್ಚು. ವಿಂಡೋಸ್‌ನಲ್ಲಿ ಪಿಎಚ್‌ಪಿ ಸೆಂಡ್‌ಮೇಲ್ ಹುಡುಕದೆ ಐಎನ್‌ಐಯಲ್ಲಿ ಬರೆದ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರ್) ವಿಳಾಸಕ್ಕೆ ನೇರ ಹೋಗುತ್ತದೆ.

ಹೆಚ್ಚಿನ ಸಂಪರ್ಕ ಫಾರ್ಮ್‌ಗಳ ತಪ್ಪು ಒಂದೇ: ಫಾರ್ಮ್ ತುಂಬಿದವರ ವಿಳಾಸವನ್ನೇ ಫ್ರಮ್‌ನಲ್ಲಿ ಹಾಕುವುದು. ಅವರ ಡೊಮೇನ್ ಪರವಾಗಿ ಪತ್ರ ಕಳಿಸುವ ಹಕ್ಕು ನಿಮ್ಮ ಸರ್ವರ್‌ಗಿಲ್ಲ. ಕಳಿಸಿದವರ ಗುರುತು ನಿಜವೇ ಎಂದು ನೋಡುವ ಎಸ್‌ಪಿಎಫ್, ಡಿಮಾರ್ಕ್ ಪರೀಕ್ಷೆಯಲ್ಲಿ ಅದು ಬಿದ್ದುಹೋಗುತ್ತದೆ. ಫ್ರಮ್‌ನಲ್ಲಿ ನಿಮ್ಮದೇ ಡೊಮೇನ್‌ನ ವಿಳಾಸ, ರಿಪ್ಲೈ ಟುನಲ್ಲಿ ಅವರದ್ದು, ಇದೇ ಸರಿ. ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಕಳಿಸುವವರ ಗುರುತಿನ ನಿಯಮ ಬಿಗಿಗೊಳಿಸಿದ ಮೇಲಂತೂ ಬೇರೆ ದಾರಿಯಿಲ್ಲ. ಆ ವಿಳಾಸವನ್ನು ಹೆಡರ್‌ಗೆ ಸೇರಿಸುವ ಮೊದಲು ಅದರಲ್ಲಿ ಹೊಸ ಸಾಲಿನ ಚಿಹ್ನೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಸ್ಪ್ಯಾಮ್ ಕಳಿಸುವವರು ನಿಮ್ಮ ಫಾರ್ಮನ್ನೇ ಅಂಚೆಪೆಟ್ಟಿಗೆ ಮಾಡಿಕೊಳ್ಳುತ್ತಾರೆ.

ಸರ್ವರ್ ಬದಲಾದರೂ ಕೆಡಬಾರದು ಎಂದಿದ್ದರೆ ಮೇಲ್ ಫಂಕ್ಷನ್ ಬಿಟ್ಟು, ಲಾಗಿನ್ ಸಮೇತ ಎಸ್‌ಎಂಟಿಪಿ ಬಳಸಿ. ಪೋರ್ಟ್ 25 ಅನ್ನು ಹೊರಮುಖವಾಗಿ ಮುಚ್ಚಿಡುವ ಹೋಸ್ಟ್‌ಗಳು ಬಹಳ. 587 ಅಥವಾ 465 ತೆರೆದಿದೆಯೇ ಕೇಳಿ.

ಹಂತ 10: ಮುಂದೆ ನಿಂತ ಪ್ರಾಕ್ಸಿ ಮತ್ತು ಕ್ಯಾಶ್

ಲೈವ್ ಸರ್ವರ್‌ನ ಮುಂದೆ ಸಿಡಿಎನ್ (ನಡುವೆ ನಿಂತು ಪುಟ ತಲುಪಿಸುವ ಪ್ರಾಕ್ಸಿ ಸರ್ವರ್‌ಗಳ ಜಾಲ) ಇದ್ದರೆ ಸ್ಕ್ರಿಪ್ಟ್‌ಗೆ ಕಾಣುವ ರಿಮೋಟ್ ವಿಳಾಸ ಪ್ರಾಕ್ಸಿಯದು. ಐಪಿ ಒಂದಕ್ಕೆ ಗಂಟೆಗೆ ಇಷ್ಟೇ ಸಂದೇಶ ಎಂದು ಮಿತಿ ಹಾಕಿದ್ದರೆ ಎಲ್ಲರೂ ಒಬ್ಬರೇ ಆಗಿ, ಒಬ್ಬರ ಹಿಂದೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ಎಕ್ಸ್ ಫಾರ್ವರ್ಡೆಡ್ ಫಾರ್ ಹೆಡರ್ ಓದಬಹುದು, ಆದರೆ ನಿಮ್ಮದೇ ಪ್ರಾಕ್ಸಿಯಿಂದ ಬಂದಾಗ ಮಾತ್ರ ನಂಬಿ. ಅದನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಫಾರ್ಮ್ ಇರುವ ಪುಟ ಕ್ಯಾಶ್ ಆಗಿದ್ದರೆ (ಹಳೆಯ ಪ್ರತಿ ಉಳಿಸಿಟ್ಟು ಎಲ್ಲರಿಗೂ ಕೊಡುತ್ತಿದ್ದರೆ) ಎಲ್ಲರಿಗೂ ಒಂದೇ ಹಳೆಯ ಟೋಕನ್ ಹೋಗುತ್ತದೆ. ಲಾಗಿನ್ ಆದವರಿಗೆ ಸರಿ, ಉಳಿದವರಿಗೆ "ಟೋಕನ್ ಅಮಾನ್ಯ" ಎಂದಾದರೆ ಆ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ.

ಬೆಂಬಲ ವಿಭಾಗಕ್ಕೆ ಬರೆಯುವಾಗ

"ಫಾರ್ಮ್ ಕೆಲಸ ಮಾಡುತ್ತಿಲ್ಲ" ಎಂದು ಬರೆದರೆ "ನಮ್ಮ ಕಡೆ ಸರಿಯಿದೆ" ಎಂಬ ಉತ್ತರ ಗ್ಯಾರಂಟಿ. ಹೀಗೆ ಬರೆಯಿರಿ: ಇಂಥ ವಿಳಾಸಕ್ಕೆ, ಇಂಥ ದಿನ ಇಷ್ಟು ಗಂಟೆಗೆ, ಇಂಥ ಐಪಿಯಿಂದ ಪೋಸ್ಟ್ ಕಳಿಸಿದೆ, ಕಂಟೆಂಟ್ ಲೆಂಗ್ತ್ ಇಷ್ಟು, ಬಂದ ಸ್ಟೇಟಸ್ ಇದು, ಪರೀಕ್ಷಾ ಸ್ಕ್ರಿಪ್ಟ್‌ನಲ್ಲಿ ಪೋಸ್ಟ್ ಅರೇ ಖಾಲಿ, ಆ ಕ್ಷಣದ ಲಾಗ್ ಸಾಲು ಕಳಿಸಿ. ಸಮಯದ ಜೊತೆ ಟೈಮ್‌ಝೋನ್ ಸೇರಿಸಿ, ಏಕೆಂದರೆ ಸರ್ವರ್‌ನ ಲಾಗ್ ಬಹುತೇಕ ಯುಟಿಸಿಯಲ್ಲಿರುತ್ತದೆ. ಇಷ್ಟು ಕೊಟ್ಟರೆ ಅವರು ಹುಡುಕಬೇಕಾದ ಸಾಲು ಒಂದೇ.

ಎಲ್ಲ ಸರಿಹೋದ ಮೇಲೆ ಪರೀಕ್ಷಾ ಸ್ಕ್ರಿಪ್ಟ್ ಮತ್ತು ಪಿಎಚ್‌ಪಿಇನ್ಫೋ ಫೈಲನ್ನು ಸರ್ವರ್‌ನಿಂದ ಅಳಿಸಿ, ಡಿಸ್‌ಪ್ಲೇ ಎರರ್ಸ್ ಆಫ್ ಮಾಡಿ, ಫಾರ್ಮ್‌ನ ಆ್ಯಕ್ಷನ್ ಮತ್ತೆ ಮೂಲ ಸ್ಕ್ರಿಪ್ಟ್‌ಗೆ ತಿರುಗಿಸಿದ್ದೀರಾ ಎಂದು ನೋಡಿ. ಬದಲಿಸಿದ ಸೆಟ್ಟಿಂಗ್‌ಗಳನ್ನು ಕೋಡ್ ಇರುವ ಫೋಲ್ಡರ್‌ನಲ್ಲೇ ಒಂದು ಪಠ್ಯ ಫೈಲಿನಲ್ಲಿ ಬರೆದಿಡಿ: ಯಾವ ಸೆಟ್ಟಿಂಗ್, ಎಷ್ಟಿದ್ದದ್ದು ಎಷ್ಟಾಯಿತು, ಯಾವ ಫೈಲಿನಲ್ಲಿ.